ಗದರಲು ಬಾರದ ಮೇಲ್ವಿಚಾರಕಿ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಬೆಡ್‌ಶೀಟ್ ಮಡಚಿದವಳನ್ನು ಒಂದು ಸೋಮವಾರ ಮೇಲ್ವಿಚಾರಕಿಯನ್ನಾಗಿ ಮಾಡಿದರು. ಮಾತು ಕಡಿಮೆಯೆಂದು ಜೊತೆಯವರು ಅವಳನ್ನು ಮೌನಕ್ಕ ಎಂದೇ ಕರೆಯುತ್ತಿದ್ದರು. ನಿವೃತ್ತಳಾದ ಹಳೆಯ ಮೇಲ್ವಿಚಾರಕಿಯ ಗಂಟಲೋ, ಯಂತ್ರಗಳ ಸದ್ದನ್ನೂ ಮೀರಿಸುವಂಥದ್ದು. ಅವಳು ಒಮ್ಮೆ ಗದರಿದರೆ ಒದ್ದೆ ಬಟ್ಟೆಯೂ ಹೆದರಿ ಒಣಗುತ್ತದೆ ಎಂದು ಹೆಂಗಸರು ನಗುತ್ತಿದ್ದರು.

ಅಧಿಕಾರವೆಂದರೆ ಆ ಗಂಟಲೇ ಎಂದುಕೊಂಡು ಮೌನಕ್ಕ ತಾನೂ ಗದರತೊಡಗಿದಳು. ಎರಡೇ ವಾರದಲ್ಲಿ ದನಿ ಕಟ್ಟಿಹೋಯಿತು; ಕೆಲಸ ಮಾತ್ರ ಇದ್ದಲ್ಲೇ ಇತ್ತು. ಅಷ್ಟು ವರ್ಷ ಒಂದೇ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದಿದ್ದ ನಾದಿನಿ ಊಟದ ಹೊತ್ತಿಗೆ ಬೇರೆ ಬೆಂಚಿಗೆ ಹೋಗಿ ಕೂತಳು. ಸಂಜೆ ಮನೆ ಸೇರುವಾಗ ಮೌನಕ್ಕನ ಕಾಲುಗಳು ಮರಗಟ್ಟಿರುತ್ತಿದ್ದವು. ಹೊಸ ಕೆಲಸ ಹೇಗಿದೆ ಎಂದು ಗಂಡ ಕೇಳಿದರೆ, "ಆ ಹಳೆಯವಳ ಅಂಗಿ ನಾನು ತೊಟ್ಟ ಹಾಗಿದೆ" ಎಂದಷ್ಟೇ ಹೇಳಿ ಗೋಡೆಗೆ ಒರಗುತ್ತಿದ್ದಳು.

ಒಂದು ಬೆಳಗ್ಗೆ ಇಸ್ತ್ರಿಯ ದೊಡ್ಡ ರೋಲರ್ ಓಡುತ್ತಿದ್ದಾಗ, ಅದರ ಗುಡುಗುಡು ಸದ್ದಿನ ಅಡಿಯಲ್ಲಿ ಸಣ್ಣದೊಂದು ಕಟಕಟ ಅವಳಿಗೆ ಕೇಳಿಸಿತು. ಬೇರೆ ಯಾರಿಗೂ ಕೇಳಿಸಿರಲಿಲ್ಲ. ಹೋಗಿ ಕೆಂಪು ಗುಂಡಿ ಒತ್ತಿ ರೋಲರ್ ನಿಲ್ಲಿಸಿದಳು. ಮೇಲಿನಿಂದ ಅಧಿಕಾರಿ ದಡದಡನೆ ಇಳಿದುಬಂದು, ಆಪರೇಷನ್ ಕೋಣೆಯಲ್ಲಿ ಬಟ್ಟೆಗೆ ಕಾಯುತ್ತಿದ್ದಾರೆ, ತಡವಾದರೆ ಉತ್ತರ ಹೇಳುವವರು ಯಾರು ಎಂದು ಕೇಳಿದರು.

"ನಾನೇ ಹೇಳ್ತೀನಿ ಸಾರ್," ಎಂದಳು ಮೌನಕ್ಕ, ಕಟ್ಟಿದ ದನಿಯಲ್ಲೇ. "ಮೆಕ್ಯಾನಿಕ್ ಬಂದು ನೋಡೋವರೆಗೂ ಇದರ ಮೇಲೆ ಯಾರೂ ಕೈ ಇಡಲ್ಲ."

ಅವರು ಹೋದ ಮೇಲೆ ಒಬ್ಬೊಬ್ಬರ ಬಳಿಯೂ ನಡೆದುಹೋಗಿ ಮೆಲ್ಲಗೆ ಕೆಲಸ ಹಂಚಿದಳು. ಸೊಂಟ ನೋವಿನವಳಿಗೆ ಕೂತು ಮಡಚುವ ಕೆಲಸ. ಕೈ ಚುರುಕಿನವರಿಗೆ ಸಣ್ಣ ಇಸ್ತ್ರಿಪೆಟ್ಟಿಗೆ, ಮೊದಲು ಆಪರೇಷನ್ ಬಟ್ಟೆ. ಯಾರಿಗೆ ಎಲ್ಲಿ ನೋವು, ಯಾರ ಕೈ ಹೇಗೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಬಟ್ಟೆ ಮುಕ್ಕಾಲು ಗಂಟೆ ತಡವಾಗಿ ಮೇಲೆ ಹೋಯಿತು.

ಮಧ್ಯಾಹ್ನ ಬಂದ ಮೆಕ್ಯಾನಿಕ್, ಬೆರಳು ಸಿಕ್ಕದಂತೆ ತಡೆಯುವ ಸರಳಿನ ಬೋಲ್ಟ್ ಸಡಿಲವಾಗಿದೆ ಎಂದು ಹತ್ತು ನಿಮಿಷದಲ್ಲಿ ಬಿಗಿದು ಹೋದ. ಅನಾಹುತ ಆಗುತ್ತಿತ್ತೋ ಇಲ್ಲವೋ, ಅವನಿಗೂ ಗೊತ್ತಿರಲಿಲ್ಲ. ಬಟ್ಟೆ ತಡ ಮಾಡಿದ್ದಕ್ಕೆ ಸಂಜೆ ಮೆಮೊ ಬಂತು. ಮೌನಕ್ಕ ಸಹಿ ಹಾಕಿದಳು.

ನಾದಿನಿ ಪಕ್ಕದಲ್ಲಿ ಬಂದು ನಿಂತಳು. "ಅತ್ತಿಗೆ, ಬೈಯೋದು ನಿಮ್ಮ ಕೈಲಾಗದ ಕೆಲಸ, ಬಿಟ್ಟುಬಿಡಿ. ಆದ್ರೆ ನಿಮಗಿರೋ ಕಿವಿ ಆ ಹಳೆಯವಳಿಗೆಲ್ಲಿತ್ತು ಹೇಳಿ?"

ತಲೆ ತಗ್ಗಿಸಿ ಮಡಚಿದ ವರ್ಷಗಳಲ್ಲೆಲ್ಲ ತಾನು ಕೇಳಿಸಿಕೊಳ್ಳುತ್ತಲೇ ಇದ್ದೆ ಎಂಬುದು ಮೌನಕ್ಕನಿಗೆ ಆಗ ಹೊಳೆಯಿತು. ಅದೂ ಒಂದು ಕಸುಬು ಎಂದು ಯಾರೂ ಹೇಳಿರಲಿಲ್ಲ. ಮರುದಿನದಿಂದ ಗದರುವುದನ್ನು ಬಿಟ್ಟಳು. ಆಯಾಸವೇನೂ ಕಡಿಮೆಯಾಗಲಿಲ್ಲ, ಆದರೆ ಬಸ್ಸಿನಲ್ಲಿ ನಾದಿನಿಯ ಹೆಗಲಿಗೆ ತಲೆ ಕೊಟ್ಟರೆ ಇಳಿಯುವ ನಿಲ್ದಾಣದವರೆಗೂ ಒಳ್ಳೆಯ ನಿದ್ದೆ ಬರುತ್ತಿತ್ತು.