ಮಾದನ್ ಹೆಸರಿನ ವೋಟು

ಎಪ್ಪತ್ತೇಳರ ಲೋಕಸಭಾ ಚುನಾವಣೆ. ಪುಲ್ಪಳ್ಳಿಯ ಶಾಲೆಗೆ ವೋಟು ಹಾಕಲು ಹೋದ ಚಿಕ್ಕಿಗೆ, ಪಟ್ಟಿ ನೋಡುತ್ತಿದ್ದ ಗುಮಾಸ್ತ ನಿನ್ನ ಗಂಡ ಬೆಳಿಗ್ಗೆಯೇ ಬಂದು ಹಾಕಿ ಹೋದನಲ್ಲ ಎಂದ. ಗಂಡ ಮಾದನ್ ಏಳು ವರ್ಷದ ಹಿಂದೆ ಪೊಲೀಸರು ಹುಡುಕುತ್ತಿದ್ದ ಜಮೀನಿನ ಹೋರಾಟದವರಿಗೆ ಕಾಡುದಾರಿ ತೋರಿಸಲು ಹೋದವನು, ಮರಳಿರಲಿಲ್ಲ. ಚಿಕ್ಕಿ ಓಡೋಡಿ ಗುಡಿಸಲಿಗೆ ಬಂದು ಇಬ್ಬರಿಗಾಗುವಷ್ಟು ಗೆಣಸು ಬೇಯಿಸಿ ಕಾದಳು. ಗೆಣಸು ತಣ್ಣಗಾಯಿತು. ಮನೆಗೆ ಬರಲು ಹೆದರುವವನು ಪೊಲೀಸರು ನಿಂತ ಬೂತಿಗೆ ಬರುತ್ತಾನೆಯೇ ಎಂದು ಕೇಳಬೇಡಿ. ಏಳು ವರ್ಷ ಒಬ್ಬಳೇ ಬದುಕಿದವಳಿಗೆ ಅಷ್ಟು ಸುದ್ದಿಯೇ ಹಬ್ಬ.

ಸೋತ ಅಭ್ಯರ್ಥಿ ಕೆಲವೇ ವೋಟುಗಳಿಂದ ಸೋತಿದ್ದ. ನಲವತ್ತೈದು ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಿದ. ಸತ್ತವರ ಹೆಸರಿನಲ್ಲಿ ಬಿದ್ದ ವೋಟು ತೆಗೆದುಹಾಕಿ ಎಂಬ ಅವನ ಪಟ್ಟಿಯಲ್ಲಿ ಮಾದನ್ ಹೆಸರೂ ಇತ್ತು. ಅವನ ಕಡೆಯ ಚಂದ್ರಪ್ರಭ ಗೌಡರು, ಮುಳ್ಳನ್‌ಕೊಲ್ಲಿಯ ಮೆಣಸಿನ ತೋಟದವರು, ಗುಡಿಸಲಿಗೇ ಬಂದರು.

"ಏಳು ವರ್ಷ ಸುದ್ದಿ ಇಲ್ಲ ಅಂದ್ರೆ ಕಾನೂನಿಗೆ ಅವ ಸತ್ತ ಹಾಗೇ ಚಿಕ್ಕಿ. ಕೋಡ್ತೀಲಿ ಜಡ್ಜರ ಮುಂದೆ ಅಷ್ಟು ಹೇಳು ಸಾಕು."

"ಸತ್ತವ ಬಂದು ವೋಟ್ ಹಾಕ್ತಾನಾ ಗೌಡ್ರೇ?" ಎಂದಳು ಚಿಕ್ಕಿ.

ಸಾಕ್ಷಿ ಹೇಳಲು ಹೈಕೋರ್ಟಿರುವ ಎರ್ನಾಕುಲಂವರೆಗೂ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಇತ್ತು. ಗೆದ್ದವರ ವಕೀಲ ಅವನು ಬದುಕಿದ್ದಾನೆನ್ನು ಎಂದ, ಸೋತವರ ವಕೀಲ ಸತ್ತನೆನ್ನು ಎಂದ. ನ್ಯಾಯಾಧೀಶರ ಅಪ್ಪಣೆಯಿಂದ ಮೊಹರು ಮಾಡಿದ ಕಟ್ಟು ಬಿಚ್ಚಿ, ವೋಟಿನ ಚೀಟಿ ಕೊಡುವ ಮುನ್ನ ಅದರ ಅಡಿಚೀಟಿಯ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟಿನ ಗುರುತನ್ನು ಅವಳ ಮುಂದೆ ಹಿಡಿದರು. ಎಡ ಹೆಬ್ಬೆಟ್ಟು, ತುದಿಯವರೆಗೂ ಇಡಿಯಾಗಿ ಮೂಡಿತ್ತು. ಮಾದನ್‌ನ ಎಡ ಹೆಬ್ಬೆರಳಿನ ತುದಿ, ಜೇನು ಕೀಳುವಾಗ ಕತ್ತಿ ಜಾರಿ ಎಂದೋ ಹೋಗಿತ್ತು. ಅದು ಅವಳಿಗಲ್ಲದೆ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೌದೆಂದರೆ ಗಂಡ ಬದುಕುತ್ತಿದ್ದ.

"ಇದು ಅವಂದಲ್ಲ," ಎಂದಳು.

ಹಾಗಾದರೆ ಸತ್ತಿದ್ದಾನಲ್ಲವೇ ಎಂದು ಸೋತವರ ವಕೀಲ ಹಿಗ್ಗಿನಿಂದ ಕೇಳಿದ.

"ಸತ್ತ ಅಂತ ನಾ ಹೇಳಿಲ್ಲೆ. ಅವ ಬಂದಿಲ್ಲೆ ಅಂದೆ."

ತೀರ್ಪಿಗೆ ಮೊದಲೇ ಲೋಕಸಭೆ ವಿಸರ್ಜನೆಯಾಯಿತು, ಕೇಸೂ ಬಿದ್ದುಹೋಯಿತು. ಎಂಬತ್ತರ ಜನವರಿಯಲ್ಲಿ ಮತ್ತೆ ಚುನಾವಣೆ ಬಂತು. ಪಟ್ಟಿಯಲ್ಲಿ ಮಾದನ್ ಹೆಸರನ್ನು ಯಾರೂ ತೆಗೆದಿರಲಿಲ್ಲ. ಚಿಕ್ಕಿ ಬೆಳಿಗ್ಗೆಯೇ ತನ್ನ ವೋಟು ಹಾಕಿ ಶಾಲೆಯ ಗೇಟಿನ ಬಳಿ ಕುಳಿತಳು. ಒಳಗೆ ಹೋಗುವ ಒಬ್ಬೊಬ್ಬ ಗಂಡಸಿನ ಎಡಗೈಯನ್ನೂ ನೋಡಿದಳು. ಸಂಜೆ ಬಾಗಿಲು ಹಾಕುವಾಗ ಗುಮಾಸ್ತನನ್ನು ಕೇಳಿದಳು. ಈ ಸಲ ಮಾದನ್ ವೋಟನ್ನು ಯಾರೂ ಹಾಕಿರಲಿಲ್ಲ.