ಕರಡಿಗೆ ದೃಷ್ಟಿ ತೆಗೆದ ಗಂಗಕ್ಕ

ಗಂಗಕ್ಕನ ಸ್ವೆಟರಿನ ಕೊನೆಯ ಗುಂಡಿಗೆ ಯಾವಾಗಲೂ ಒಂದು ಕಪ್ಪು ರೇಷ್ಮೆದಾರ ನೇತಾಡುತ್ತಿತ್ತು. ಬಸ್ಸಿಗೆ ಕಾಯುವಾಗ, ಕ್ಯಾಂಟೀನಿನಲ್ಲಿ ಚಹಾ ಆರುವವರೆಗೆ, ಒಂದೇ ಕೈಯಲ್ಲಿ ಅದಕ್ಕೆ ಗಂಟು ಹಾಕುತ್ತಿದ್ದರು, ಗಾಯ ಹೊಲಿಯುವ ಗಂಟಿನ ಅಭ್ಯಾಸ. ಹುಬ್ಬಳ್ಳಿಯವರು, ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಲು ತರಬೇತಿ ಪಡೆಯುತ್ತಿದ್ದರು. ನಾನು ಅಲ್ಲಿ ಮೆಡಿಕಲ್ ವಿದ್ಯಾರ್ಥಿ. ಮೊದಲ ದಿನ ಕೋಟಿನ ಮೇಲಿದ್ದ ನನ್ನ ಹೆಸರು ಓದಿ, "ಕನ್ನಡ ಬರ್ತೈತೇನೋ ತಮ್ಮಾ?" ಎಂದರು. ಬರುತ್ತದೆ ಎಂದ ಮೇಲೆ ನನ್ನೊಡನೆ ಇಂಗ್ಲಿಷ್ ಆಡಲೇ ಇಲ್ಲ. "ಕೈ ಖಾಲಿ ಐತೇನು? ಗಂಟು ಹಾಕು" ಎಂದು ನನ್ನ ಕೋಟಿಗೂ ಒಂದು ದಾರ ಕಟ್ಟಿದರು.

ಅವರಿಗೆ ಫುಟ್‌ಬಾಲ್ ಹುಚ್ಚು. ನಮಗೂ ಎಂಜಿನಿಯರಿಂಗಿನವರಿಗೂ ವರ್ಷಕ್ಕೊಂದು ಪಂದ್ಯ. ಹಿಂದಿನ ಸಂಜೆ ವಿದ್ಯಾರ್ಥಿ ಸಂಘದ ಹಿತ್ತಲಲ್ಲಿ ಸೇರಿ, ಡ್ರಮ್ ಬಡಿದು, ಹಾಡಿ, ಎದುರಾಳಿಗಳನ್ನು ಮನಸಾರೆ ಬೈದು ತಂಡವನ್ನು ಹುರಿದುಂಬಿಸುವುದು ಆಗಿನ ರೂಢಿ. ಈಗಿನವರು ಅದನ್ನೆಲ್ಲ ಫೋನಿನಲ್ಲೇ ಮುಗಿಸುತ್ತಾರೆ. ಆ ಗುಂಪಿಗೆ ಗಂಗಕ್ಕನೇ ಗಂಟಲು. ಸೀರೆಯ ಮೇಲೆ ಉಣ್ಣೆಕೋಟು ತೊಟ್ಟು, ಬಿಯರ್ ಕ್ರೇಟಿನ ಮೇಲೆ ನಿಂತು "ಹೊಡೀಲೇ!" ಎಂದರೆ ಯಾರ್ಕ್‌ಶೈರಿನ ಹುಡುಗರೆಲ್ಲ "ಹೊಡೀಲೇ!" ಎಂದು ಕೂಗುತ್ತಿದ್ದರು. ಅರ್ಥ ಕೇಳಿದವನಿಗೆ, "ಮೊದಲು ಗೋಲ್ ಹೊಡಿ, ಆಮ್ಯಾಲ ಅರ್ಥ" ಎಂದು ಕನ್ನಡದಲ್ಲೇ ಉತ್ತರ.

ಒಮ್ಮೆ ಪಂದ್ಯದಲ್ಲಿ ನಾಯಕನ ಕಾಲು ಮುರಿಯಿತು. "ಇಷ್ಟು ಮಂದಿ ಹೊಗಳಿದ್ರ ದೃಷ್ಟಿ ಆಗದ ಬಿಡತೈತೇನು?" ಎಂದವರು ಮುಂದಿನ ವರ್ಷದ ಆ ಸಂಜೆಗೆ ಸ್ಟೀಲ್ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡೇ ಬಂದರು. ಹೊಸ ನಾಯಕ, ಆರಡಿಯ ಬಿಳಿ ಹುಡುಗ, ತಲೆ ಬಗ್ಗಿಸಿ ನಿಂತು, ಅವರು ಹೇಳಿಕೊಟ್ಟಂತೆ "ಥೂ ಥೂ" ಎಂದು ಉಗಿದ. ತಂಡ ಗೆದ್ದಿತು. ಮತ್ತೆ ಯಾರೂ ಅವರನ್ನು ತಡೆಯಲಿಲ್ಲ.

ನಮ್ಮ ತಂಡದ ಗುರುತು ಕರಡಿ; ಅದರ ಮರುವರ್ಷ ಆ ಕರಡಿ ನಾನು. ಆಟ ಬಾರದವನಿಗೆ ಕರಡಿ ವೇಷ. ನೈಲಾನ್ ತುಪ್ಪಳ, ಬೆನ್ನಿಗೆ ಜಿಪ್, ಹೊರಗೆ ನೋಡಲು ಕರಡಿಯ ಬಾಯಿ. ನಾಯಕನ ದೃಷ್ಟಿ ತೆಗೆದ ಗಂಗಕ್ಕ ಉರಿಯುವ ತಟ್ಟೆಯೊಂದಿಗೇ ನನ್ನತ್ತ ತಿರುಗಿದರು.

"ಬಾರೋ ಕರಡಿ. ಎಲ್ಲಾರ ಕಣ್ಣೂ ನಿನ್ನ ಮ್ಯಾಲೇ ಐತಿ."

ತಟ್ಟೆ ಒಂದು ಸುತ್ತು ಬಂತು. ಹಿಂದಿನಿಂದ ಗುಂಪು ಒತ್ತಿತು. ಎದೆಯ ತುಪ್ಪಳ ಭಗ್ಗೆಂದಿತು.

ಆಮೇಲೆ ಕರಡಿಯ ಬಾಯಿಯಿಂದ ನನಗೆ ಕಂಡದ್ದು ಅವರ ಕೈಗಳು ಮಾತ್ರ. ಕೋಟಿನಿಂದ ಒತ್ತಿದರು, ಆರಲಿಲ್ಲ. ಕರಗಿ ಅಂಟುತ್ತಿದ್ದ ನೈಲಾನನ್ನು ಬರಿಗೈಯಲ್ಲಿ ಕಿತ್ತರು, ಬಡಿದರು, ಮತ್ತೆ ಕಿತ್ತರು. ಜನ ಅದನ್ನೂ ಆಟವೆಂದೇ ತಿಳಿದರು. ಗಂಗಕ್ಕ ಬೆಂಕಿಯನ್ನು ಬಡಿಯುತ್ತಿದ್ದರೆ, ಅವರೇ ಕಲಿಸಿದ ಮಾತನ್ನು ಎಲ್ಲರೂ ಡ್ರಮ್ಮಿನ ತಾಳಕ್ಕೆ ಕೂಗುತ್ತಿದ್ದರು: ಹೊಡೀಲೇ, ಹೊಡೀಲೇ. ಜಿಪ್ ಹರಿದು ನನ್ನನ್ನು ಹೊರಗೆಳೆದ ಮೇಲೆಯೇ ಡ್ರಮ್ ನಿಂತಿದ್ದು. ಇವತ್ತಿಗೂ ಜನ ಒಟ್ಟಾಗಿ ಚಪ್ಪಾಳೆ ತಟ್ಟಿದರೆ ನನ್ನ ಕಣ್ಣು ಬಾಗಿಲು ಹುಡುಕುತ್ತದೆ.

ನನ್ನ ಕತ್ತಿನ ಮೇಲೆ ಕಾಸಗಲದ ಕಲೆ ಉಳಿಯಿತು. ಅವರ ಬಲಗೈಯ ಬೆರಳುಗಳು ಸೆಟೆದುಕೊಂಡವು. ಪೂರ್ತಿ ಬಿಚ್ಚಲೂ ಬಾರದು, ಮುಷ್ಟಿ ಕಟ್ಟಲೂ ಬಾರದು. ಸರ್ಜರಿ ಅಲ್ಲಿಗೆ ಮುಗಿಯಿತು. ಅವರು ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ಜಿಪಿ, ಅಂದರೆ ಸಾಮಾನ್ಯ ವೈದ್ಯೆ, ಆದರು. ನಾನು ಸರ್ಜನ್ ಆದೆ. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಡಲು ನನಗೆ ಈಗಲೂ ಸಂಕಟ.

ಅವರ ಮನೆಗೆ ಹೋದಾಗಲೆಲ್ಲ ಮೊದಲು ನನ್ನ ಗಲ್ಲ ಎತ್ತಿ ಕತ್ತು ನೋಡುತ್ತಿದ್ದರು. "ಕಲೆ ಹೋಗಲೇ ಇಲ್ಲಲ್ಲೋ. ನನ್ನ ತಪ್ಪು ತಮ್ಮಾ. ಬೆಂಕಿ ಹಿಡ್ಕೊಂಡು ನಿನ್ನ ಹತ್ರ ಯಾಕ ಬಂದ್ನೋ ಏನೋ."

"ಅಕ್ಕಾ, ನಿಮ್ಮ ಕೈ..."

"ಕೈಗೇನಾಗೇತಿ? ಎಡಗೈಲೆ ರೊಟ್ಟಿ ಬಡೀತೀನಿ. ಇವತ್ತೇನು ಆಪರೇಷನ್ ಮಾಡ್ದಿ, ಅದನ್ನ ಹೇಳು."

ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೆಬ್ಬೆರಳು ಸೆರಗಿನ ಅಂಚಿನಲ್ಲಿ ಇಲ್ಲದ ದಾರವನ್ನು ಹುಡುಕುತ್ತಿತ್ತು. ನಾನು ಕ್ಷಮೆ ಕೇಳಬೇಕಾದ ಜಾಗದಲ್ಲಿ ನನಗಿಂತ ಮೊದಲು ಅವರೇ ಕೂತಿರುತ್ತಿದ್ದರು. ನನಗೆ ಜಾಗವೇ ಬಿಡಲಿಲ್ಲ. ದೇವರ ಮುಂದೆ ಕರೆಂಟಿನ ದೀಪ ಇಟ್ಟಿದ್ದರು. ಮನೆಯಲ್ಲಿ ಕರ್ಪೂರವಿರಲಿಲ್ಲ.

ಕೊನೆಯ ಸಲ ಹೋದಾಗ ನನ್ನ ಮಗಳು ಜೊತೆಗಿದ್ದಳು. ಮ್ಯಾಂಚೆಸ್ಟರಿನಲ್ಲಿ ಓದುತ್ತಾಳೆ, ಫಾಲೋಫೀಲ್ಡಿನಲ್ಲಿ ರೂಮು. ಯೂನಿವರ್ಸಿಟಿಯ ಫುಟ್‌ಬಾಲ್ ತಂಡಕ್ಕೆ ಆಗಷ್ಟೇ ಸೇರಿದ್ದಳು. ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅಂದು ಮಾತು ಜೋಡಿಸಿಕೊಂಡು ಕೇಳಿದಳು: "ಅಜ್ಜಿ, ಮ್ಯಾಚ್ ಇದೆ. ನಂಗೂ ದೃಷ್ಟಿ ತೆಗೀರಿ."

ಗಂಗಕ್ಕನ ಮುಖ ಬಿಳಿಚಿತು. ನನ್ನನ್ನು ನೋಡಿದರು. "ಬ್ಯಾಡವಾ. ನನ್ನ ಕೈ ಚಲೋ ಅಲ್ಲ."

ನಾನು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದೆ. "ಬೆಂಕಿ ಬೇಡ. ಇದರಲ್ಲಿ ತೆಗೀರಿ ಅಕ್ಕಾ. ಆ ಕೈಯಿಂದಲೇ."

ಗಂಗಕ್ಕ ಬಲಗೈಯನ್ನು ಸೆರಗಿಗೆ ಒರೆಸಿ ಚಾಚಿದರು. ಉಪ್ಪು ಹಾಕಿದೆ. ಮುಷ್ಟಿ ಕೂಡಲಿಲ್ಲ, ಬೆರಳ ಸಂದಿಯಿಂದ ಸುರಿಯತೊಡಗಿತು. ನಾನು ನನ್ನ ಅಂಗೈಯಿಂದ ಅವರ ಕೈಯನ್ನು ಸುತ್ತುವರಿದು ಹಿಡಿದೆ. ಇಬ್ಬರೂ ಸೇರಿ ಮಗಳ ಸುತ್ತ ಇಳಿತೆಗೆದೆವು. "ಥೂ ಅನ್ನವಾ," ಎಂದರು ಗಂಗಕ್ಕ. ಮಗಳು ನಗುತ್ತಾ ಥೂ ಎಂದಳು. ಉಪ್ಪನ್ನು ಸಿಂಕಿನ ನೀರಿಗೆ ಬಿಟ್ಟರು. ಆ ದಿನ ಹೊರಡುವಾಗ ಅವರು ನನ್ನ ಕತ್ತು ನೋಡಲಿಲ್ಲ.

ಆ ಚಳಿಗಾಲ ಅವರು ದಾಟಲಿಲ್ಲ.

ಆಪರೇಷನ್ನಿಗೆ ಕೈ ತೊಳೆಯುವ ಮುನ್ನ ನಾನು ಈಗಲೂ ಬಲಗೈಯ ಮುಷ್ಟಿಯನ್ನು ಒಮ್ಮೆ ಕಟ್ಟಿ ನೋಡುತ್ತೇನೆ. ಕಟ್ಟುತ್ತದೆ.