ಕಣ್ಣೀರ ಸುಳಿ

ಅಕ್ಕನಿಗೆ ಗಂಡು ನೋಡಲು ಅಪ್ಪ ಇಷ್ಟು ಊರು ತಿರುಗಿರಲಿಲ್ಲ, ಕುದುರೆಗೆ ತಿರುಗಿದ. ಈ ಮಾತನ್ನು ನಮ್ಮೂರ ಚಹಾದಂಗಡಿಯಲ್ಲಿ ಯಾರೋ ಆಡಿ ನಕ್ಕರಂತೆ. ಸಂಜೆಯೊಳಗೆ ಅದು ನಮ್ಮ ಮನೆಗೂ ಬಂತು. ಅಕ್ಕ ಅಕ್ಕಿ ಹಸನು ಮಾಡುತ್ತಿದ್ದಳು. "ಖರೇನ ಅಂದಾರ ಬಿಡು," ಅಂದು ಮೊರ ಕೊಡವಿದಳು. ನನಗೆ ಮಾತ್ರ ಆ ಅಂಗಡಿಯ ಬೆಂಚಿಗೇ ಬೆಂಕಿ ಹಚ್ಚಬೇಕು ಅನ್ನಿಸಿತ್ತು.

ನಮ್ಮದು ಹಾನಗಲ್ ತಾಲೂಕು, ಆಡೂರಿನ ಹತ್ತಿರದ ಹಳ್ಳಿ. ಅಕ್ಕನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೊರಗಿಹೋಗಿತ್ತು. ಆದರೂ ಮನೆಯ ಹೊಲಗದ್ದೆ ನೋಡಿಕೊಳ್ಳುವವಳು ಅವಳೇ. ಯಾವ ಮಡಿಗೆ ನೀರು ಬೇಕು, ಯಾವ ಆಳು ಕೆಲಸಗಳ್ಳ, ಯಾವ ಒಡ್ಡು ಈ ಮಳೆಗೆ ಒಡೆಯುತ್ತದೆ, ಎಲ್ಲ ಅವಳಿಗೇ ಗೊತ್ತು. ಸರ್ಕಾರದವರು ಕೊಟ್ಟ ಮೂರು ಗಾಲಿಯ ಸ್ಕೂಟರ್ ಅಂಗಳದಲ್ಲಿ ನಿಂತಿತ್ತು. ಈಗಲೂ ನಿಂತಿದೆ, ಕೋಳಿಗಳು ಅದರ ಸೀಟಿನ ಮೇಲೆ ಮಲಗುತ್ತವೆ. ಅದು ಓಡುವುದು ಡಾಂಬರಿನ ಮೇಲೆ, ನಮ್ಮ ಗದ್ದೆ ಇರುವುದು ಕೆಸರಿನಲ್ಲಿ. ಮಳೆಗಾಲದಲ್ಲಿ ಆ ದಾರಿಯಲ್ಲಿ ಟ್ರ್ಯಾಕ್ಟರೇ ಹೂತುಕೊಳ್ಳುತ್ತದೆ. ಅಕ್ಕನನ್ನು ಅಲ್ಲಿಗೆ ಒಯ್ಯುತ್ತಿದ್ದದ್ದು ನಮ್ಮ ಕುದುರೆ.

ಕೆಂಚು ಮೈಯ, ಗಿಡ್ಡನೆಯ ಹೆಣ್ಣು ಕುದುರೆ. ಬಂಕಾಪುರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದ ಒಬ್ಬನಿಂದ ಅಪ್ಪ ತಂದಿದ್ದ. ಬ್ಯಾಂಡು, ಪಟಾಕಿ, ಕುಡಿದು ಕುಣಿಯುವ ಮದುಮಗನ ಗೆಳೆಯರು, ಎಲ್ಲವನ್ನೂ ಕಂಡು ಬಂದ ಪ್ರಾಣಿಗೆ ಬೆಚ್ಚುವುದೇ ಮರೆತುಹೋಗಿತ್ತು. ಅಕ್ಕ ಕಟ್ಟೆಯ ಮೇಲೆ ನಿಂತು, ಸೊರಗಿದ ಕಾಲನ್ನು ಕೈಯಿಂದ ಎತ್ತಿ ಆಚೆ ಹಾಕಿಕೊಳ್ಳುವ ತನಕ ಅದು ಕಿವಿ ಸಹ ಅಲುಗಿಸುತ್ತಿರಲಿಲ್ಲ. ಗೊಬ್ಬರದ ಚೀಲ ಹೊರುತ್ತಿತ್ತು, ಊರಿನ ಮದುಮಕ್ಕಳನ್ನು ಹೊರುತ್ತಿತ್ತು, ನಾನು ಚಪ್ಪಲಿ ಹಾಕಿಕೊಂಡೇ ಹತ್ತಿದರೂ ಹೊರುತ್ತಿತ್ತು. ಜೀನು ಇಳಿಸಿದ ಮೇಲೂ ಅಪ್ಪ ಅದರ ಬೆನ್ನಿಗೆ ಒಂದು ಕಂಬಳಿ ಹೊದಿಸಿಯೇ ಇಡುತ್ತಿದ್ದ. "ಕಟಗೊಂಡ ಹೆಂಡ್ತಿಗೆ ಒಂದಿನಾನೂ ಹಿಂಗ ಹೊಚ್ಚಲಿಲ್ಲ ನೋಡ್ರಿ," ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು. ಕುದುರೆ ಬಂದ ಮರುವರ್ಷ ಅವ್ವ ಜ್ವರ ಬಂದು ತೀರಿಕೊಂಡಳು.

ಕುದುರೆಗೆ ವಯಸ್ಸು ಏರತೊಡಗಿದಾಗ ದನದ ಡಾಕ್ಟರು, ಇನ್ನು ತಡ ಮಾಡಿದರೆ ಗಬ್ಬ ನಿಲ್ಲುವುದಿಲ್ಲ ಎಂದರು. ಅದು ಹೋದರೆ ಅಕ್ಕ ಮನೆಯಲ್ಲೇ ಕೂತಂತೆ. ಅದರಂಥದ್ದೇ ಒಂದು ಮರಿ ಬೇಕಿತ್ತು. ಹಾಗಾಗಿ ಗಂಡು ಕುದುರೆಯ ಹುಡುಕಾಟ ಶುರುವಾಯಿತು.

ಅಪ್ಪ ಸುಳಿ ನೋಡುವುದರಲ್ಲಿ ಹೆಸರಾದವನು. ಎತ್ತು, ಹೋರಿ, ಕುದುರೆ, ಯಾವುದನ್ನೇ ಕೊಳ್ಳುವವರು ಅದರ ಮೈಮೇಲೆ ಕೂದಲು ಎಲ್ಲಿ ಎಲ್ಲಿ ಸುತ್ತಿಕೊಂಡಿದೆ ಎಂದು ತೋರಿಸಲು ಅವನನ್ನು ಸಂತೆಗೆ ಕರೆದೊಯ್ಯುತ್ತಿದ್ದರು. ಗಂಟಲಲ್ಲಿ ಸುಳಿ ಇದ್ದರೆ ದೇವಮಣಿ, ಮನೆ ಉದ್ಧಾರ. ಕಣ್ಣಿನ ಕೆಳಗಿದ್ದರೆ ಕಣ್ಣೀರ ಸುಳಿ, ಮನೆಯವರು ಅಳುವುದು ತಪ್ಪುವುದಿಲ್ಲ. ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರೂ ಹೀಗೆಯೇ ಕಾಲು ನೋಡಿ, ಚಹಾ ಕುಡಿದು ಎದ್ದು ಹೋಗಿದ್ದರು. ಅದಕ್ಕೇ ನನಗೆ ಈ ವಿದ್ಯೆಯ ಮೇಲೆ ಮೊದಲಿನಿಂದಲೂ ಸಿಟ್ಟು.

ಶಿಗ್ಗಾಂವಿಯಲ್ಲಿ ನೋಡಿದ ಮೊದಲನೆಯದರ ಹಲ್ಲು ಬಿಡಿಸಿ ವಯಸ್ಸು ನೋಡಿ ಅಪ್ಪ, "ಇದು ನನ್ನ ವಾರಗೀದು," ಎಂದು ತಿರುಗಿ ಬಂದ. ಎರಡನೆಯದು ಹಿರೇಕೆರೂರಿನ ಕಡೆ ಕೊಯ್ಲಾದ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸಿಕೊಂಡಿದ್ದ ಒಬ್ಬ ಕುರಿಗಾರನದು. ಅಕ್ಕನೂ ಬಂದಿದ್ದಳು, ನಾನೂ ಇದ್ದೆ. ಬೂದು ಬಣ್ಣದ ಗಂಡು ಕುದುರೆ. ಎರಡೂ ಪಕ್ಕಕ್ಕೆ ಚೀಲ, ಚೀಲದಿಂದ ಕುರಿಮರಿಗಳ ತಲೆ ಹೊರಗೆ, ಮೇಲೊಂದು ಕೋಳಿ. ನಮ್ಮ ಹೆಣ್ಣು ಕುದುರೆಯ ವಾಸನೆ ನಮ್ಮ ಬಟ್ಟೆಯಲ್ಲೇ ಇದ್ದಿರಬೇಕು, ಒಮ್ಮೆ ಮೂಗು ಅರಳಿಸಿ ಸುಮ್ಮನಾಯಿತು. ಅಕ್ಕ ತಾನು ಊರಿ ನಡೆಯುವ ಬಡಿಗೆ ಕೆಳಗಿಟ್ಟು ತನ್ನ ಭಾರವನ್ನೆಲ್ಲ ಅದರ ಹೆಗಲಿಗೆ ಕೊಟ್ಟು ನಿಂತಳು. ಅದು ಕಾಲು ಕೀಳಲಿಲ್ಲ.

"ಹಡದ ಹೆಂಡ್ತೀನ, ಕೂಸಿನ್ನ ಇದರ ಮ್ಯಾಲ ಕುಂದ್ರಿಸಿ ಕಳಸ್ತೇನ್ರಿ," ಎಂದ ಕುರಿಗಾರ. "ಆದ್ರ ಮುಚ್ಚಿಡೂದು ಬ್ಯಾಡ. ಕಣ್ಣೀರ ಸುಳಿ ಐತಿ."

ಅಪ್ಪ ಅದನ್ನು ಆಗಲೇ ಕಂಡಿದ್ದ. ಎಡಗಣ್ಣಿನ ಕೆಳಗೆ, ಬೆರಳು ಇಟ್ಟಷ್ಟು ಜಾಗ. ಅಷ್ಟಕ್ಕೇ ನಮ್ಮನ್ನು ಕರೆದುಕೊಂಡು ಊರ ದಾರಿ ಹಿಡಿದ.

ಮೂರನೆಯದು ಸವಣೂರು ತಾಲೂಕಿನ ಹತ್ತಿಮತ್ತೂರಿನ ಒಬ್ಬ ದೊಡ್ಡ ರೈತನದು. ಬೆಳ್ಳಗೆ, ಎತ್ತರ, ಹಲಗೆ ಬಡಿದರೆ ಕುಣಿಯುತ್ತಿತ್ತು, ಬಡಿಯದಿದ್ದರೂ ಕುಣಿಯುತ್ತಿತ್ತು. ಇಬ್ಬರು ಹಗ್ಗ ಹಿಡಿದು ಜೋತುಬಿದ್ದಿದ್ದರು. ಅಪ್ಪ ಹೇಗೋ ನುಸುಳಿ ಅದರ ಗಂಟಲು ಸವರಿದ. ದೇವಮಣಿ ಸಿಕ್ಕಿತು. ಅವ್ವ ಹೋದ ಮೇಲೆ ಅಪ್ಪನ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ.

"ಅಪ್ಪಾ, ಇದು ನಿಂತಲ್ಲೆ ನಿಲ್ಲಂಗಿಲ್ಲ," ಎಂದಳು ಅಕ್ಕ. "ನನಗ ನಿಲ್ಲೂದು ಬೇಕು."

"ನೂಲಿನಂಗ ಸೀರಿ, ತಾಯಿಯಂಗ ಮಗಳು. ಗುಣ ತಾಯೀದು ಬರ್ತೈತಿ, ಸುಳಿ ತಂದೀದು ಬರ್ತೈತಿ."

"ಆ ಕುರಿಗಾರಂದು..."

"ಬ್ಯಾಡವಾ. ಇದೊಂದು ಮಾತು ನಂದು ನಡೀಲಿ."

ಅವನು ಹಾಗೆ ಬೇಡಿಕೊಂಡದ್ದು ಅದೇ ಮೊದಲು. ಅಕ್ಕ ಒಪ್ಪಿಬಿಟ್ಟಳು. ನಾನು ಎದುರಾಡಿ ಬೈಸಿಕೊಂಡೆ. ಬೆದೆಗೆ ಬಂದಾಗ ನಮ್ಮ ಕುದುರೆಯನ್ನು ಹತ್ತಿಮತ್ತೂರಿಗೆ ಒಯ್ದರು. ಹಿಂತಿರುಗಿದಾಗ ಅದರ ಕುತ್ತಿಗೆಯ ಮೇಲೆ ಹಲ್ಲಿನ ಗಾಯವಿತ್ತು, ಅಕ್ಕ ಅರಿಶಿನ ಹಚ್ಚಿದಳು.

ಮರುವರ್ಷ ಹೆಣ್ಣು ಮರಿ ಹುಟ್ಟಿತು. ಬಿಳಿ ಮೈ, ಗಂಟಲಲ್ಲಿ ದೇವಮಣಿ, ಹುಡುಕಿದರೂ ಒಂದು ಕೆಟ್ಟ ಸುಳಿಯಿಲ್ಲ. ಸುತ್ತಲಿನ ಊರಿನವರು ನೋಡಲು ಬಂದರು. ಅಪ್ಪನಿಗೆ ಹಬ್ಬ. ತಾಯಿಯ ಗುಣವೊಂದು ಮಾತ್ರ ಬರಲಿಲ್ಲ. ನೆರಳು ಕಂಡರೆ ಹಾರುತ್ತಿತ್ತು, ಒಗೆದ ಸೀರೆ ಗಾಳಿಗೆ ಅಲುಗಿದರೆ ಹಗ್ಗ ಹರಿಯುತ್ತಿತ್ತು. ಪಳಗಿಸುವವನನ್ನು ಕರೆಸಿದೆವು. ಅವನು ಹತ್ತಿದರೆ ಹೇಗೋ ನಡೆಯುತ್ತಿತ್ತು, ಬೇರೆಯವರಿಗೆ ಅಷ್ಟೂ ಇಲ್ಲ. ದೊಡ್ಡದಾದ ಮೇಲೆ ಸರಿಹೋಗುತ್ತದೆ ಎಂದ ಅಪ್ಪ. ದೊಡ್ಡದಾಯಿತು.

ಮುದಿ ತಾಯಿ ಒಂದು ಮಳೆಗಾಲದ ಆರಂಭದಲ್ಲಿ ಹೊಟ್ಟೆನೋವಿನಿಂದ ಬಿದ್ದು ಸತ್ತಿತು. ನಾಟಿಯ ಹಂಗಾಮು. ಅಕ್ಕ ಕೆಲವು ದಿನ ಕಟ್ಟೆಯ ಮೇಲೆ ಕೂತು ಆಳುಗಳಿಗೆ ಫೋನಿನಲ್ಲೇ ಹೇಳಿ ನೋಡಿದಳು. ಒಂದು ಮುಂಜಾನೆ ಬಿಳಿಯ ಕುದುರೆಗೆ ಜೀನು ಹಾಕಿಸಿದಳು. ನಾನು ಬೇಡವೆಂದೆ. "ಎಷ್ಟ್ ದಿನಾ ಕುಂದರ್ಲಿ?" ಎಂದಳು. ಅಪ್ಪ ಲಗಾಮು ಹಿಡಿದು ನಡೆದ. ಗದ್ದೆಯ ಬದುವಿನ ತನಕ ಎಲ್ಲ ಚೆನ್ನಾಗಿತ್ತು. ಪಕ್ಕದವರ ಪಂಪ್‌ಸೆಟ್ಟು ಒಮ್ಮೆಲೇ ಶುರುವಾಯಿತು. ಅಷ್ಟಕ್ಕೇ ಅದು ಎರಡು ಕಾಲ ಮೇಲೆ ಎದ್ದಿತು, ಲಗಾಮು ಅಪ್ಪನ ಕೈಯಿಂದ ಕಿತ್ತುಹೋಯಿತು. ಅಕ್ಕ ಬದುವಿನ ಕಲ್ಲಿನ ಮೇಲೆ ಬಿದ್ದಳು. ಮುರಿದದ್ದು ಬಲಗಾಲಿನ ತೊಡೆಯೆಲುಬು, ಅವಳ ಗಟ್ಟಿ ಕಾಲು.

ಆಪರೇಷನ್ ಆಗಿ ಮನೆಗೆ ಬಂದಳು. ಇನ್ನು ನಡೆಯುವುದು, ಏರಿ ಕೂರುವುದು ಆಗದ ಮಾತು ಎಂದು ಡಾಕ್ಟರು ಹೇಳಿದ್ದರು. ಮರುದಿನ ಬೆಳಿಗ್ಗೆ ಅಪ್ಪ ಬಿಳಿಯ ಕುದುರೆಯನ್ನು ಅಂಗಳದ ಕಂಬಕ್ಕೆ ಬಿಗಿದು ಕಟ್ಟಿ, ಅದರ ಮೈಯನ್ನು ಬೆರಳಿನಿಂದ ತಡವತೊಡಗಿದ. ಹಣೆ, ಕಿವಿಯ ಬುಡ, ಎದೆ, ಬಗಲು, ಹೊಟ್ಟೆಯ ಕೆಳಗೆ. ಒದೆಸಿಕೊಂಡ, ಮತ್ತೆ ತಡವಿದ. ಎಲ್ಲಾದರೂ ಒಂದು ಕೆಟ್ಟ ಸುಳಿ ಸಿಕ್ಕಿದ್ದರೆ ಅವನ ಜೀವಕ್ಕೆ ಅಷ್ಟು ಸಾಕಾಗಿತ್ತು. ಸಿಗಲಿಲ್ಲ. ಒಳಗೆ ಬಂದು ಅಕ್ಕನ ಮಂಚದ ಹತ್ತಿರ ನೆಲಕ್ಕೆ ಕೂತ.

"ನಿಮ್ಮವ್ವನ್ನ ನಾನ ಕೊಂದೆ," ಎಂದ. "ಆ ಮುದಿ ಕುದುರಿಗೆ ಜೀನಿನ ಬುಡಕ ಕೆಟ್ಟ ಸುಳಿ ಇತ್ತು. ನೋಡೇ ತಂದಿದ್ದೆ. ಶಾಂತ ಐತಿ, ನಿನಗ ಆಗ್ತೈತಿ ಅಂತ. ಮಂದಿಗೆ ಕಾಣಬಾರದಂತ ಕಂಬಳಿ ಹೊಚ್ಚಿದೆ. ಮುಂದಿನ ವರ್ಷ ಅಕಿ ಹೋದ್ಲು. ಇನ್ನೊಂದು ಕೆಟ್ಟ ಸುಳಿ ಮನಿಗೆ ತರಾಕ ನನಗ ಧೈರ್ಯ ಆಗಲಿಲ್ಲವಾ."

ಅಕ್ಕ ಅವನ ಕಡೆ ಮುಖ ಹೊರಳಿಸಿದಳು.

"ನನಗ ಗೊತ್ತಿತ್ತಪ್ಪಾ. ದಿನಾ ಅದರ ಮೈ ತಿಕ್ಕಾಕಿ ನಾನ ಅಲ್ಲೇನು? ಆ ಸುಳಿ ಮ್ಯಾಲೇ ಕುಂತು ಇಷ್ಟ್ ವರ್ಷ ಹೋಗಿ ಬಂದೇನಿ. ಒಂದಿನಾನೂ ಕೆಡವಲಿಲ್ಲ."

"ಹೇಳಬಾರದಿತ್ತೇನು?"

"ಹೇಳಿದ್ರ ನೀ ಮಾರಿಬಿಡ್ತಿದ್ದಿ."

ಇಬ್ಬರಲ್ಲಿ ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಆ ಬೂದು ಕುದುರೆಯ ಮರಿಯೇ ನಮ್ಮ ಅಂಗಳದಲ್ಲಿರುತ್ತಿತ್ತು ಎಂದು ನೆನೆದು ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ಅತ್ತೆ.

ಮಾರಿದ ಬಿಳಿಯ ಕುದುರೆ ಈಗ ಸವಣೂರಿನ ಮೆರವಣಿಗೆಗಳಲ್ಲಿ ಕುಣಿಯುತ್ತದೆ. ಅದರ ಗಂಟಲ ಸುಳಿ ಮುಟ್ಟಿ ಜನ ಕಣ್ಣಿಗೆ ಒತ್ತಿಕೊಳ್ಳುತ್ತಾರಂತೆ. ಅಪ್ಪ ಯಾರ ಎತ್ತಿನ ಸುಳಿಯನ್ನೂ ನೋಡಲು ಹೋಗುವುದಿಲ್ಲ. ಗದ್ದೆಯಿಂದ ಒಂದು ತೆನೆಯನ್ನೋ ಹಿಡಿ ಮಣ್ಣನ್ನೋ ತಂದು ಅಕ್ಕನ ಕೈಗೆ ಕೊಡುತ್ತಾನೆ, ಅವಳು ನೋಡಿ ಮುಂದಿನ ಕೆಲಸ ಹೇಳುತ್ತಾಳೆ.

ಈ ಸಲ ಸುಗ್ಗಿ ಮುಗಿಯುತ್ತ ಬಂದಾಗ ಆ ಕುರಿಗಾರ ನಮ್ಮೂರ ಮೇಲೆ ಹಾದುಹೋದ. ಬೂದು ಕುದುರೆಯ ಮೇಲೆ ಅದೇ ಚೀಲ, ಅದೇ ಕುರಿಮರಿಗಳು. ಅಪ್ಪ ಗದ್ದೆಯಿಂದ ತಂದ ತೆನೆಯನ್ನು ಹಿಡಿದುಕೊಂಡೇ ರಸ್ತೆಗೆ ಹೋಗಿ ಅಡ್ಡ ನಿಂತ, ನಾನು ಹಿಂದೆ ಇದ್ದೆ. ಕುದುರೆ ತಾನಾಗಿ ನಿಂತಿತು. ಅಪ್ಪ ಅದರ ಎಡಗಣ್ಣಿನ ಕೆಳಗೆ ಬೆರಳಿಟ್ಟ.

"ಇದರ ಮರಿ ಏನರ ಅದಾವೇನು?"

"ಕಣ್ಣೀರ ಸುಳೀದ ಮರಿ ಯಾರ್ ತಗೋತಾರ್ರಿ," ಎಂದ ಕುರಿಗಾರ. "ಒಂದೂ ಹುಟ್ಟಲಿಲ್ಲ. ಹೋದ ವರ್ಷ ಬೀಜ ಒಡಿಸಿಬಿಟ್ಟೆ. ಇನ್ನ ಮರಿ ಹುಟ್ಟಂಗಿಲ್ಲ, ಬರೀ ಹೊರಾಕ ಅಷ್ಟ."

ಮನೆಗೆ ಬಂದಾಗ ಅಕ್ಕ ಮಂಚದಿಂದಲೇ ಕೇಳಿದಳು. ಕುರಿಗಳ ಗಂಟೆ ಅವಳಿಗೂ ಕೇಳಿಸಿತ್ತು.

"ಆ ಕುದುರಿ ಐತೇನಪ್ಪಾ ಇನ್ನ?"

"ಐತಿ."

"ಹೆಂಗೈತಿ?"

"ಹಂಗ ಐತಿ. ಶಾಂತ," ಎಂದ ಅಪ್ಪ, ಕೈಯಲ್ಲಿದ್ದ ತೆನೆಯನ್ನು ಅವಳ ಕಡೆ ಚಾಚಿದ.